ನೀಲಿ ವೃತ್ತದಲ್ಲಿ 60 ಅಂತ ಬರೆದಿದ್ದರೆ

ಕಾರು ಕಲಿಯುವವರ ಕಿವಿಗೆ ಮೊದಲ ದಿನದಿಂದ ಬೀಳುವುದು ಒಂದೇ ಮಾತು: ನಿಧಾನ, ನಿಧಾನ. ಅಂಥದ್ದರಲ್ಲಿ ಒಂದು ಬೋರ್ಡು ಮಾತ್ರ ‘ಇದಕ್ಕಿಂತ ನಿಧಾನ ಹೋಗಬೇಡಿ’ ಅನ್ನುತ್ತದೆ. ಕನಿಷ್ಠ ವೇಗದ ಬೋರ್ಡು. ಪುಸ್ತಕದಲ್ಲಿ ಅದಕ್ಕೆ ಒಂದು ಸಾಲಿನ ವಿವರಣೆ ಇರುತ್ತದೆ, ಅಷ್ಟೇ. ಪರೀಕ್ಷೆಗೆ ಅದು ಸಾಕು. ರಸ್ತೆಗೆ ಸಾಲದು ಅಂತ ನನಗೆ ಬಲವಾಗಿ ಅನ್ನಿಸಿದೆ.

ನಾನು ಐವತ್ತು ದಾಟಿದ ಮೇಲೆ ಸ್ಟಿಯರಿಂಗ್ ಹಿಡಿದವಳು. ಅದಕ್ಕೂ ಮೊದಲು ಬಹಳ ಕಾಲ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಹಾಗಾಗಿ ಯಾವುದೇ ಬೋರ್ಡಿನ ಮೇಲೆ ಅಂಕಿ ಕಂಡರೆ ‘ಈ ಅಂಕಿಯೇ ಯಾಕೆ?’ ಅಂತ ಕೇಳದೆ ಮುಂದೆ ಹೋಗಲು ಆಗುವುದಿಲ್ಲ.

ಮೊದಲು ಗುರುತು ಹಿಡಿಯುವುದು. ಅಂಕಿಗಿಂತ ಮುಂಚೆ ಬಣ್ಣ ಮತ್ತು ಆಕಾರ ನೋಡಬೇಕು. ಕೆಂಪು ಅಂಚಿನ ವೃತ್ತದಲ್ಲಿ 60 ಇದ್ದರೆ ಅದನ್ನು ಮೀರಬಾರದು. ಇಡೀ ವೃತ್ತ ನೀಲಿಯಾಗಿದ್ದು ಬಿಳಿ ಅಕ್ಷರದಲ್ಲಿ 60 ಇದ್ದರೆ ಅದಕ್ಕಿಂತ ಕೆಳಗೆ ಇಳಿಯಬಾರದು. ಅಂಕಿ ಒಂದೇ, ಅರ್ಥ ಪೂರ್ತಿ ತಿರುಗುಮುರುಗು. 1968ರಲ್ಲಿ ವಿಯೆನ್ನಾದಲ್ಲಿ ಆದ ರಸ್ತೆ ಚಿಹ್ನೆಗಳ ಒಪ್ಪಂದದಲ್ಲಿ ಈ ನೀಲಿ ವೃತ್ತ ಇದೆ. ಅದರಲ್ಲಿ ಕೆಂಪು ಬಣ್ಣ ಸೇರದ ಇಂಥ ನೀಲಿ ವೃತ್ತಗಳು ‘ಹೀಗೆ ಮಾಡಲೇಬೇಕು’ ಅನ್ನುವ ಗುಂಪಿಗೆ ಸೇರಿದವು. ಆದರೆ ನೀಲಿ ಚೌಕದಲ್ಲಿ ಅಂಕಿ ಇದ್ದರೆ ಅದು ಬರೀ ಸಲಹೆ. ಜರ್ಮನಿಯ ಆಟೋಬಾನ್ ಅನ್ನುವ ವೇಗದ ಹೆದ್ದಾರಿಗಳಲ್ಲಿ 130ರ ಸಲಹೆ ಹಾಗೇ, ಅದನ್ನು ಮೀರದಿದ್ದರೆ ಒಳ್ಳೆಯದು ಅಂತ ಹೇಳುತ್ತದೆ, ಬಲವಂತ ಇಲ್ಲ. ಎಲ್ಲ ಕಡೆ ನೀಲಿಯೇ ಇರುತ್ತದೆ ಅಂತಲೂ ಅಲ್ಲ. ಅಮೆರಿಕದಲ್ಲಿ ಇದು ಬಿಳಿ ಆಯತದ ಬೋರ್ಡು, ಅಕ್ಷರದಲ್ಲೇ ಬರೆದಿರುತ್ತಾರೆ. ಜಪಾನಿನಲ್ಲಿ ಗರಿಷ್ಠ ವೇಗಕ್ಕೂ ಕನಿಷ್ಠ ವೇಗಕ್ಕೂ ಕೆಂಪು ಅಂಚಿನ ಬೋರ್ಡೇ, ಕನಿಷ್ಠದ್ದರಲ್ಲಿ ಅಂಕಿಯ ಕೆಳಗೆ ಒಂದು ಗೆರೆ ಇರುತ್ತದೆ. ಅಲ್ಲಿ ಓಡಿಸುವವರು ಆ ಒಂದು ಗೆರೆಯನ್ನು ಗಮನಿಸಲೇಬೇಕು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ನಿಧಾನ ಹೋದರೆ ಯಾರಿಗೆ ಏನು ತೊಂದರೆ?

ಒಂದು ಸಣ್ಣ ಲೆಕ್ಕ ಹಾಕೋಣ. ವೇಗದ ಹೆದ್ದಾರಿಯಲ್ಲಿ ನಾನು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದೇನೆ. ನನ್ನ ಹಿಂದೆ 100 ಮೀಟರ್ ದೂರದಲ್ಲಿ ಒಂದು ಕಾರು 100ರಲ್ಲಿ ಬರುತ್ತಿದೆ. ವ್ಯತ್ಯಾಸ 60 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ನಡುವಿನ 100 ಮೀಟರ್ ಮುಗಿಯಲು 6 ಸೆಕೆಂಡು ಸಾಕು. ಅದೇ ನಾನು 80ರಲ್ಲಿದ್ದರೆ? ಆಗ 18 ಸೆಕೆಂಡು. ನನ್ನ ವೇಗ ಎರಡು ಪಟ್ಟಾಯಿತು, ಹಿಂದಿನವರಿಗೆ ಸಿಗುವ ಸಮಯ ಮೂರು ಪಟ್ಟಾಯಿತು.

ಆ 6 ಸೆಕೆಂಡಿನಲ್ಲಿ ಹಿಂದಿನವರು ಎಷ್ಟು ಕೆಲಸ ಮಾಡಬೇಕು ನೋಡಿ. ಮುಂದಿನ ಕಾರು ತೀರಾ ನಿಧಾನ ಇದೆ ಅಂತ ಮೊದಲು ಗೊತ್ತಾಗಬೇಕು. ನೇರ ಹಿಂದಿನಿಂದ ನೋಡುವಾಗ ದೂರದ ವಾಹನದ ವೇಗ ಅಂದಾಜು ಮಾಡುವುದು ಕಷ್ಟ. ಆಮೇಲೆ ಮಿರರ್ ನೋಡಬೇಕು, ಪಕ್ಕದ ಲೇನ್ ಖಾಲಿ ಇದೆಯಾ ನೋಡಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಬೇಕು. ಅವರು ಕೊನೇ ಕ್ಷಣದಲ್ಲಿ ಲೇನ್ ಬದಲಿಸಿದರು ಅಂದುಕೊಳ್ಳಿ. ಅವರ ಹಿಂದಿದ್ದ ಲಾರಿಯ ಚಾಲಕರಿಗೆ ನಾನು ಆಗಷ್ಟೇ ಮೊದಲ ಸಲ ಕಾಣುತ್ತೇನೆ. ಅವರಿಗೆ 6 ಸೆಕೆಂಡೂ ಉಳಿದಿರುವುದಿಲ್ಲ. ಈ ಲಾರಿಯ ಲೆಕ್ಕವೇ ನನ್ನ ಮನಸ್ಸು ಬದಲಿಸಿದ್ದು. ನನ್ನ ನಿಧಾನ ನನ್ನ ಕಾರಿನೊಳಗೆ ಮಾತ್ರ ಇರುವುದಿಲ್ಲ, ಅಲ್ವಾ? ಹಿಂದೆ ಬರುವ ಎಲ್ಲರೂ ಅದಕ್ಕೆ ತಕ್ಕ ಹಾಗೆ ಏನಾದರೂ ಮಾಡಲೇಬೇಕಾಗುತ್ತದೆ.

ಹಾಗಾಗಿಯೇ ಕೆಲವು ದೇಶಗಳು ಲೇನ್ ಲೇನಿಗೂ ಬೇರೆ ಬೇರೆ ಕನಿಷ್ಠ ವೇಗ ಇಟ್ಟಿವೆ. ಚೀನಾದ ಎಕ್ಸ್‌ಪ್ರೆಸ್‌ವೇಯಲ್ಲಿ ಗರಿಷ್ಠ 120, ಕನಿಷ್ಠ 60. ಒಂದೇ ದಿಕ್ಕಿಗೆ ಮೂರು ಅಥವಾ ಹೆಚ್ಚು ಲೇನ್ ಇದ್ದರೆ ತೀರಾ ಎಡದ್ದರಲ್ಲಿ ಕನಿಷ್ಠ 110, ನಡುವಿನದ್ದರಲ್ಲಿ 90. ಫ್ರಾನ್ಸಿನ ಹೆದ್ದಾರಿಯಲ್ಲಿ ಸಂಚಾರ ಸರಾಗವಾಗಿದ್ದು ಹವೆಯೂ ಚೆನ್ನಾಗಿದ್ದರೆ ತೀರಾ ಎಡ ಲೇನಿನಲ್ಲಿ 80ಕ್ಕಿಂತ ಕೆಳಗೆ ಹೋಗುವಂತಿಲ್ಲ. ಎರಡೂ ಕಡೆ ಬಲಕ್ಕೆ ಓಡಿಸುತ್ತಾರೆ, ಆದ್ದರಿಂದ ಎಡವೇ ವೇಗದ ಲೇನ್. ಈ ಅಂಕಿಗಳು ನನಗೆ ತುಂಬಾ ಇಷ್ಟ. ಒಂದೇ ಲೇನಿನಲ್ಲಿ ಇರುವವರ ವೇಗ ಒಬ್ಬರಿಗೊಬ್ಬರು ಹತ್ತಿರ ಇರಲಿ ಅನ್ನುವ ಉದ್ದೇಶ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನನಗೆ ಕಲಿಸುವ ಮೇಡಂ ಇದನ್ನು ಬೇರೆ ದಿಕ್ಕಿನಿಂದ ಹೇಳಿದರು. “ಬೋರ್ಡು ನೋಡಿದ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ. ಈ ರಸ್ತೆಗೆ ನಾನು ಇವತ್ತು ಸಿದ್ಧ ಇದ್ದೀನಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಒಳಗೆ ಹೋಗುವ ಮೊದಲೇ ಬೇರೆ ದಾರಿ ಹಿಡಿಯಿರಿ.” ಬೆದರಿಕೊಂಡು ವೇಗ ಹೆಚ್ಚಿಸುವುದು ಇನ್ನೂ ಕೆಟ್ಟದ್ದು. ಕೈ ನಡುಗುತ್ತಿರುವಾಗ, ಕಾರಿನಲ್ಲಿ ಏನೋ ಸದ್ದು ಬರುತ್ತಿರುವಾಗ, ಆ ರಸ್ತೆಗೆ ಹೋಗದಿರುವುದೇ ಸರಿ. ವಾಹನಕ್ಕೂ ಇದೇ ಮಾತು. ಜರ್ಮನಿಯ ಆಟೋಬಾನ್‌ಗೆ 60ಕ್ಕಿಂತ ಜಾಸ್ತಿ ವೇಗದಲ್ಲಿ ಹೋಗಲಾರದ ವಾಹನ ಬರುವಂತೆಯೇ ಇಲ್ಲ.

ಇನ್ನೊಂದು ವಿಷಯ ಕಲಿಯುವವರಿಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಅದು ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಲು ಮಾತ್ರ ಅವಕಾಶ ಇದೆ: ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿ.ಮೀ.ವರೆಗೆ. ಗರಿಷ್ಠ ವೇಗದ ಬೋರ್ಡಿಗೆ ಇದು ಅನುಕೂಲ. ಮುಳ್ಳು 60 ತೋರಿಸಿದರೆ ನಾವು 60 ದಾಟಿಲ್ಲ. ನೀಲಿ ವೃತ್ತದ ವಿಷಯದಲ್ಲಿ ಇದು ಉಲ್ಟಾ. ಮುಳ್ಳು 60ರ ಮೇಲೆ ನಿಂತಿದ್ದರೂ ಕಾರು ನಿಜಕ್ಕೂ 56ರಲ್ಲೋ 57ರಲ್ಲೋ ಇರಬಹುದು. ಅದಕ್ಕೇ ನಾನು ಅಂಚಿನಲ್ಲಿ ಓಡಿಸುವುದಿಲ್ಲ. ರಸ್ತೆ ಬಿಡುವು ಕೊಟ್ಟರೆ 70ಕ್ಕೆ ಏರಿಸುತ್ತೇನೆ.

ಹಾಗಂತ ನೀಲಿ ಬೋರ್ಡು ಇದೆ ಅಂತ ಮಂಜಿನಲ್ಲಿ 60ರಲ್ಲಿ ನುಗ್ಗಬೇಕಾಗಿಲ್ಲ. ಜೋರು ಮಳೆ, ಮುಂದೆ ಜಾಮ್, ರಸ್ತೆಯ ಮೇಲೆ ಏನೋ ಬಿದ್ದಿದೆ, ಇಂಥ ಹೊತ್ತಿನಲ್ಲಿ ನಿಧಾನ ಮಾಡಲೇಬೇಕು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ಕಾರು ನಿಲ್ಲಬೇಕು ಅನ್ನುವುದು ಬೋರ್ಡಿಗಿಂತ ದೊಡ್ಡ ನಿಯಮ. ಇದನ್ನು ಮಾತ್ರ ಯಾರೂ ಮರೆಯಬಾರದು.

ಕೊನೆಗೆ, ಅದೇ ನೀಲಿ ವೃತ್ತದ ಮೇಲೆ ಓರೆಯಾಗಿ ಕೆಂಪು ಪಟ್ಟಿ ಎಳೆದಿದ್ದರೆ ಕನಿಷ್ಠ ವೇಗ ಅಲ್ಲಿಗೆ ಮುಗಿಯಿತು ಅಂತ ಅರ್ಥ. ಅಲ್ಲಿ ಥಟ್ಟನೆ ಬ್ರೇಕ್ ಒತ್ತಬೇಡಿ. ಹಿಂದಿನವರು ಇನ್ನೂ ಹಳೇ ವೇಗದಲ್ಲೇ ಇರುತ್ತಾರೆ. ಮೊದಲು ಮಿರರ್ ನೋಡಿ, ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಎಕ್ಸಿಟ್ ತೆಗೆದುಕೊಳ್ಳುವಾಗಲೂ ಹಾಗೇ. ಇಂಡಿಕೇಟರ್ ಹಾಕಿ, ಮುಖ್ಯ ಲೇನಿನಲ್ಲಿ ಇರುವ ತನಕ ವೇಗ ಉಳಿಸಿಕೊಂಡು, ಪಕ್ಕದ ಎಕ್ಸಿಟ್ ಲೇನಿಗೆ ಪೂರ್ತಿ ಇಳಿದ ಮೇಲೆ ನಿಧಾನ ಮಾಡಿ.