ಹಿನ್ನೀರಿನ ದೋಣಿ ಎಂಜಿನ್: ಉಪ್ಪಿಲ್ಲ, ಹೂಳಿದೆ

ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹತ್ತಿರ ಹೆಚ್ಚಾಗಿರೋದು ತೆಪ್ಪ. ಅದಕ್ಕೆ ಮೆಕ್ಯಾನಿಕ್ ಬೇಡ. ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಡೆ ತೂಗುಹಾಕುವ ಎಂಜಿನ್) ಕೂಡಿಸಿದ ದೋಣಿ ಇಟ್ಟವರಿಗೆ ಈ ಬರಹ.

ಕರಾವಳಿಯಲ್ಲಿ ಎಂಜಿನ್ ತಿನ್ನೋದು ಉಪ್ಪು, ನಮ್ಮಲ್ಲಿ ಹೂಳು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಹತ್ತಿರ ಎಂಜಿನ್ ಹೀರೋದು ಬರೀ ರಾಡಿ. ಮೊದಲು ಸವೆಯೋದು ಎಂಜಿನ್ ತಂಪಾಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ.

ಎಂಜಿನ್ ಹಿಂದೆ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಮೇಲೆ ಕಣ್ಣಿರಲಿ. ಧಾರೆ ಸಣ್ಣದಾದರೆ ಎಂಜಿನ್ ನಿಲ್ಲಿಸಿ ಆ ತೂತಿಗೆ ತಂತಿ ಹಾಕಿ ನೋಡಿ, ಆಮೇಲೆ ನೀರು ಒಳಗೆ ಹೋಗುವ ಕೆಳಗಿನ ಜಾಲರಿ. ಎರಡೂ ಸರಿಯಿದ್ದರೆ ಪಂಪು ಬಿಚ್ಚಲೇಬೇಕು. ಗೇರ್ ರಾಡ್ ಕಳಚಿ, ಬೋಲ್ಟ್ ತೆಗೆದು ಕೆಳಭಾಗವನ್ನು ನೇರ ಕೆಳಕ್ಕೆ ಎಳೆಯಿರಿ. ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆ ಬಾಗಿ ಹಾಗೇ ನಿಂತಿದ್ದರೆ, ತುದಿ ಚಪ್ಪಟೆಯಾಗಿದ್ದರೆ ಬದಲಿಸಿ. ಅದು ಕೂರುವ ಸ್ಟೀಲ್ ಬಟ್ಟಲಿಗೆ ಉಗುರು ಆಡಿಸಿ ನೋಡಿ. ಗೆರೆ ತಾಕಿದರೆ ಬಟ್ಟಲೂ ಹೊಸದೇ ಬೇಕು. ಹಳೇ ಬಟ್ಟಲಿಗೆ ಹೊಸ ರಬ್ಬರ್ ಹಾಕೋದು ದುಡ್ಡು ದಂಡ. ಕೂಡಿಸುವಾಗ ಸೋಪಿನ ನೀರು ಹಚ್ಚಿ, ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಒತ್ತಿ. ಒಂದು ರೆಕ್ಕೆ ಮುರಿದು ಕಾಣೆಯಾಗಿದ್ದರೆ ಆ ತುಂಡು ಮೇಲಿನ ನೀರಿನ ದಾರಿಯಲ್ಲೇ ಸಿಕ್ಕಿರುತ್ತದೆ, ಹುಡುಕಿ ತೆಗೆಯದೆ ಮುಚ್ಚಬೇಡಿ. ಟ್ರಯಲ್ ನೋಡೋಕೆ ಡ್ರಮ್ಮಿನಲ್ಲಿ ನೀರು ತುಂಬಿಯೇ ಸ್ಟಾರ್ಟ್ ಮಾಡಿ. ನೀರಿಲ್ಲದೆ ಓಡಿಸಿದರೆ ಹೊಸ ರಬ್ಬರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಎರಡನೇ ಕಾಟ ಬಲೆಯ ನೈಲಾನ್ ದಾರ. ಅದು ದೋಣಿ ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ. ಹೊರಗಿಂದ ಏನೂ ಕಾಣಲ್ಲ. ವಾರಕ್ಕೊಮ್ಮೆ ಫ್ಯಾನ್ ಬಿಚ್ಚಿ ನೋಡಿ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಅಂತ ಲೆಕ್ಕ. ಆಗ ಬರೀ ಆಯಿಲ್ ಬದಲಿಸಿದರೆ ಆಗಲ್ಲ, ಸೀಲೂ ಹಾಕಿ. ಹೊಸ ಆಯಿಲ್ ಕೆಳಗಿನ ತೂತಿನಿಂದ ಮೇಲಿನ ತೂತಿಗೆ ಬರುವವರೆಗೆ ತುಂಬಿ, ಮೊದಲು ಮೇಲಿನ ಸ್ಕ್ರೂ ಬಿಗಿಯಿರಿ. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿದು ಆಯಿಲ್ ಕಮ್ಮಿ ಬೀಳುತ್ತದೆ.

ಸಮುದ್ರದಲ್ಲಿ ಓಡಿದ ಸೆಕೆಂಡ್‌ಹ್ಯಾಂಡ್ ಎಂಜಿನ್ ತಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿ ನೋಡಿ ನೀರು ಬಿಡುವ ವಾಲ್ವ್) ಬಿಚ್ಚಿಯೇ ನೋಡಿ, ಉಪ್ಪು ಕಟ್ಟಿ ಅಂಟಿಕೊಂಡಿರುತ್ತದೆ. ಆ ಎಂಜಿನ್‌ನಲ್ಲಿರುವ ಸತುವಿನ ಆನೋಡ್ (ಎಂಜಿನ್ ಬದಲು ತಾನೇ ಸವೆದು ತುಕ್ಕು ತಡೆಯುವ ಲೋಹದ ತುಂಡು) ಸಿಹಿನೀರಿನಲ್ಲಿ ಬಿಳಿ ಪೊರೆ ಕಟ್ಟಿ ಸುಮ್ಮನಾಗುತ್ತದೆ. ಇಲ್ಲಿಗೆ ಮೆಗ್ನೀಸಿಯಂದು ಸರಿ.

ಟೂ-ಸ್ಟ್ರೋಕಿಗೆ ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಆದರೂ ಎಂಜಿನ್ ಪುಸ್ತಕದ ಮಾತೇ ಅಂತಿಮ. ಈಗಿನ ಪೆಟ್ರೋಲಿನ ಎಥನಾಲ್ ನೀರು ಎಳೆದುಕೊಳ್ಳುತ್ತದೆ. ದೋಣಿ ತಿಂಗಳುಗಟ್ಟಲೆ ನಿಲ್ಲೋದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ತಳದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಪೂರ್ತಿ ಇಳಿಸಿಡಿ.