ನಮ್ಮೂರು ಎಂದರೆ ಯಾವುದು
ನಮ್ಮವ್ವನ ತವರೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಸೋದರಮಾವಂದಿರು ಈಗ ಬಾಗಲಕೋಟೆಯ ನವನಗರದಲ್ಲಿದ್ದಾರೆ. ಪಂಚಮಿಗೆ ಕರೆಯುತ್ತಾರೆ, ಅವ್ವ ಹೋಗಿ ಉಂಡಿ ಕಟ್ಟಿಕೊಂಡು ಬರುತ್ತಾಳೆ. ಆದರೂ ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ನನ್ನನ್ನು ದಂಡೆಗೆ ಕರೆದೊಯ್ದು, ಕೆಸರಿನಾಚೆ ಕಾಣುತ್ತಿದ್ದ ಕಲ್ಲುಗಳತ್ತ ಕೈಮಾಡಿ, “ಅಲ್ಲೈತಿ ನೋಡವಾ ನಮ್ಮ ಹಿತ್ತಲ” ಎಂದಿದ್ದಳು. ಅಜ್ಜನ ನಂತರ ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಮಾವಂದಿರ ಹೆಸರೇ ಏರಿದ್ದರಿಂದ ಪರಿಹಾರದ ಹಣ ಅವರಿಗೆ ಬಂತು. ಅವ್ವ ಪಾಲು ಕೇಳಲಿಲ್ಲ.

ದೇಶಭಕ್ತಿಗೆ ಇಂಗ್ಲಿಷಿನವರು ಹೇಳುವ ಪೇಟ್ರಿಯಾಟಿಸಂ ಎಂಬ ಪದದ ಬೇರಿನಲ್ಲಿರುವುದು ತಂದೆ ಎಂಬರ್ಥದ ಗ್ರೀಕ್ ಮಾತು. ಅದಕ್ಕೆ ಜೋಡಿಯಾಗಿ ಕೆಲವರು ಮ್ಯಾಟ್ರಿಯಾಟಿಸಂ ಎಂಬ ಹೆಣ್ಣುಪದವನ್ನು ಕಟ್ಟಿದ್ದಾರೆ. ತಾಯ್ನಾಡು ಎನ್ನುವ ನಮಗೆ ಅದರ ಹಂಗೇಕೆ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ತಾಯ್ನಾಡು ಎಂದಾಗಲೂ ಆ ತಾಯಿಗೆ ಆರತಿ ಎತ್ತುವವನು, ಅವಳಿಗಾಗಿ ಕತ್ತಿ ಹಿರಿಯುವವನು ನಮ್ಮ ಕಲ್ಪನೆಯಲ್ಲಿ ಮಗನೇ. ಮಗಳು ಆ ಚಿತ್ರದಲ್ಲಿ ಎಲ್ಲಿ ನಿಂತಿದ್ದಾಳೆ ಎಂದು ಯಾರೂ ಕೇಳುವುದಿಲ್ಲ. ಚೆನ್ನಮ್ಮನನ್ನು ನೆನೆಯುವಾಗ 1824ರ ಅಕ್ಟೋಬರಿನ ಕದನವೂ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸಾವೂ ಬಾಯಿಗೆ ಬರುತ್ತವೆ. ಅವಳು ಕಾಕತಿಯ ಮಗಳು, ಕಿತ್ತೂರಿಗೆ ಸೊಸೆಯಾಗಿ ಬಂದವಳು, ತಾನು ಹುಟ್ಟದ ಊರಿಗಾಗಿ ಹೋರಾಡಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡವಳು ಎಂಬುದು ನನಗೆ ಆ ಕದನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕಾನೂನಿಗೂ ಬಹುಕಾಲ ನಾಡು ತಂದೆಯ ಕಡೆಯದೇ ಆಗಿತ್ತು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕವೂ ಭಾರತದ ಪೌರತ್ವ ಬರುವಂತಾದದ್ದು 1992ರ ತಿದ್ದುಪಡಿಯಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ (ಈ ಪದದಲ್ಲೂ ತಂದೆಯೇ ಕುಳಿತಿದ್ದಾನೆ) ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ 1994ರ ಕಾನೂನು, ಅದಕ್ಕೂ ಮೊದಲೇ ಮದುವೆಯಾಗಿದ್ದ ನಮ್ಮವ್ವನಂಥವರನ್ನು ಹೊರಗಿಟ್ಟಿತ್ತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ.

ಹಾಗಾಗಿ ದೇಶಭಕ್ತಿಯ ಹೆಣ್ಣುರೂಪ ಯಾವುದೆಂದರೆ ನಾನು ತವರಿನ ಮೇಲಿನ ಪ್ರೀತಿಯನ್ನೇ ತೋರಿಸುತ್ತೇನೆ. ಅದಕ್ಕೆ ಉತಾರ ಬೇಕಿಲ್ಲ, ಗಡಿಕಲ್ಲು ಬೇಕಿಲ್ಲ. ಬಿಟ್ಟು ಬಂದ ಊರಿಗೂ ಸೇರಿದ ಊರಿಗೂ ಒಂದೇ ಬಾಯಿಂದ ಒಳ್ಳೆಯದನ್ನು ಕೋರುವುದು ಅದಕ್ಕೆ ಗೊತ್ತಿದೆ. ಇದನ್ನು ತ್ಯಾಗವೆಂದು ಹೊಗಳಿ ಪಾಲು ತಪ್ಪಿಸುವವರೂ ಇದ್ದಾರೆ, ಅವರ ಮಾತು ನನಗೆ ಒಪ್ಪಿಗೆಯಿಲ್ಲ.

ಅವ್ವ ಸೇರಿದ ಊರು ವಿಜಯಪುರ ಜಿಲ್ಲೆಯ ಬರದ ಸೀಮೆಯಲ್ಲಿದೆ. ಮುಳವಾಡ ಏತ ನೀರಾವರಿಯ ಕಾಲುವೆಯಲ್ಲಿ ಆಲಮಟ್ಟಿಯ ನೀರು ಮೊದಲ ಸಲ ನಮ್ಮ ಹೊಲದ ಬದುವಿಗೆ ಬಂದ ದಿನ, ತನ್ನ ತವರನ್ನು ನುಂಗಿದ ಅದೇ ನೀರಿಗೆ ಅವಳು ಅರಿಶಿನ ಕುಂಕುಮ ಏರಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಮ್ಮೂರ ನೀರು ನಮ್ಮೂರಿಗೆ ಬಂತ ನೋಡು” ಎಂದಳು.