ಮೂರು ದಿನದ ಮೇಲೆ ಮತ್ತೆ ವೀಣೆ

12 ಅಕ್ಟೋಬರ್ 2024, ಶನಿವಾರ, ವಿಜಯದಶಮಿ
ಮೈಸೂರು

ಬುಧವಾರ ಮೂಲಾ ನಕ್ಷತ್ರದ ದಿನ ಪುಸ್ತಕಗಳ ಜೊತೆ ವೀಣೆಯನ್ನೂ ಸರಸ್ವತಿ ಪೂಜೆಗೆ ಇಟ್ಟಿದ್ದೆ. ವಿಸರ್ಜನೆ ಆಗುವ ತನಕ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಲ್ಲಿ ಈ ದಿನಗಳಲ್ಲಿ ಓದೋ ಹಾಗಿಲ್ಲ ಅಂತ ಕುಣಿಯುತ್ತಿದ್ದೆವು. ಈ ಸಲ ದೇವರ ಮನೆ ಮುಂದೆ ಹೋದಾಗಲೆಲ್ಲ ಒಂದು ಸಲ ಮೀಟಿಬಿಡೋಣ ಅನ್ನಿಸುತ್ತಿತ್ತು.

ಪಾಠ ಶುರುವಾಗಿ ಇವತ್ತಿಗೆ ಒಂದು ವರ್ಷ. ಹೋದ ವಿಜಯದಶಮಿಗೆ ಟೀಚರ್ ನನ್ನ ಬೆರಳು ಹಿಡಿದು ಮೊದಲ ‘ಸ’ ಮೀಟಿಸಿದರು. ಆಗ ನನಗೆ 66.

ಆಸೆ ಹುಟ್ಟಿದ್ದು ಹತ್ತು ವರ್ಷದವಳಿದ್ದಾಗ. ಪಕ್ಕದ ಮನೆ ರೇಡಿಯೋದಲ್ಲಿ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಬಂದರೆ ಅವರ ಜಗಲಿ ಮೇಲೆ ಹೋಗಿ ಕೂರುತ್ತಿದ್ದೆ. ಮೀಟಿ ಬಿಟ್ಟ ಮೇಲೂ ನಾದ ಎಳೆದುಕೊಂಡು ಹೋಗುತ್ತಲ್ಲ, ಅದು ಎಲ್ಲಿ ಮುಗಿಯುತ್ತೆ ಅಂತ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅಪ್ಪನನ್ನು ಒಂದೇ ಸಲ ಕೇಳಿದ್ದು. “ವೀಣೆ ಅಂದ್ರೆ ಸುಮ್ನೆ ಆಗುತ್ತಾ ಮಗೂ?” ಅಂದರು. ಗುಮಾಸ್ತರ ಸಂಬಳ, ಐದು ಮಕ್ಕಳ ಫೀಸು. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಆಮೇಲೆ ಕೆಲಸ, ಮದುವೆ, ಮಕ್ಕಳು.

ನನ್ನದು ಹಲಸಿನ ಮರದ ಹಳೇ ವೀಣೆ. 24 ಮೆಟ್ಟಿಲು (ತಂತಿ ಒತ್ತಿ ಸ್ವರ ಹಿಡಿಯುವ ಲೋಹದ ಪಟ್ಟಿಗಳು), ಮೀಟೋಕೆ ನಾಲ್ಕು ತಂತಿ, ಪಕ್ಕದಲ್ಲಿ ಮೂರು ತಾಳದ ತಂತಿ. ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಏಪ್ರಿಲ್ ಸೆಕೆಗೆ ಮೇಣ ಮೆತ್ತಗಾಗಿ ಎರಡು ಮೆಟ್ಟಿಲು ಸರಿದುಬಿಟ್ಟಿದ್ದವು. ನನ್ನ ಬೆರಳಿನದೇ ತಪ್ಪು ಅಂದುಕೊಂಡು ಹದಿನೈದು ದಿನ ಒದ್ದಾಡಿದೆ. ಕಡೆಗೆ ಮೇಳ ಕಟ್ಟುವವರು, ಅಂದರೆ ಮೇಣದ ಮೇಲೆ ಮೆಟ್ಟಿಲು ಕೂರಿಸುವವರು, ಬಂದು ಸರಿಮಾಡಿದರು. “ಕಿವಿ ಚೆನ್ನಾಗಿದೆ ಕಣಮ್ಮಾ ನಿಮ್ದು” ಅಂದರು. ಆ ಮಾತು ಇನ್ನೂ ಮನಸ್ಸಲ್ಲಿದೆ.

ಯಾಕೆಂದರೆ ನನ್ನ ಕಷ್ಟ ಇರೋದೇ ಆ ಕಿವಿಯಲ್ಲಿ. ಸರಳೆ, ಜಂಟಿ ಅಂತ ಮೊದಲ ಸ್ವರಪಾಠ ಎಲ್ಲ ಮಾಯಾಮಾಳವಗೌಳ ರಾಗದಲ್ಲಿ ಕಲಿತೆ, ಅದರಲ್ಲಿ ಏಳೂ ಸ್ವರ ಬರುತ್ತೆ. ಈಗ ಮಲಹರಿ ರಾಗದ ಪಿಳ್ಳಾರಿ ಗೀತೆ, ಹೊಸಬರಿಗೆ ಕಲಿಸುವ ಪುಟ್ಟ ಹಾಡು. ಈ ರಾಗದಲ್ಲಿ ನಿಷಾದವೇ (ನಿ) ಇಲ್ಲ, ಸ್ವರ ಹತ್ತುವಾಗ ಗಾಂಧಾರವೂ (ಗ) ಇಲ್ಲ. ರಿಷಭದಿಂದ (ರಿ) ನೇರ ಮಧ್ಯಮಕ್ಕೆ (ಮ) ಹೋಗಬೇಕು. ಬೆರಳು ಮಾತ್ರ ಅಭ್ಯಾಸಬಲಕ್ಕೆ ಗಾಂಧಾರದ ಮೇಲೆ ಕೂತುಬಿಡುತ್ತೆ. ಮುಳ್ಳು ಚುಚ್ಚಿದ ಹಾಗಾಗಿ ನಾನು ನಿಲ್ಲಿಸಿಬಿಡುತ್ತೇನೆ. ಜೊತೆಗೆ ಕಲಿಯುವ ಹುಡುಗಿಗೆ ಒಂಬತ್ತು ವರ್ಷ. ಅವಳ ಬೆರಳು ಅಳಿಲಿನ ಹಾಗೆ ಓಡುತ್ತೆ, ತಪ್ಪಿದರೂ ನಿಲ್ಲಲ್ಲ. “ಅಜ್ಜೀ, ನೀವ್ಯಾಕೆ ನಿಲ್ಲಿಸ್ತೀರಾ?” ಅಂತಾಳೆ. ಅವಳಿಗೆ ಕೈ ಮುಂದೆ, ಕಿವಿ ಆಮೇಲೆ ಬರುತ್ತೆ. ನನ್ನದು ಐವತ್ತು ವರ್ಷಕ್ಕಿಂತ ಜಾಸ್ತಿ ಕೇಳಿದ ಕಿವಿ. ಕೈ ಅದನ್ನು ಹಿಡಿಯೋಕೆ ಹಿಂದಿನಿಂದ ಓಡ್ತಾ ಇದೆ. ಬೆರಳ ಗಂಟು ನೋಯುತ್ತೆ, ನಿಜ. ಬಿಸಿನೀರಲ್ಲಿ ಅದ್ದಿದರೆ ಸುಮ್ಮನಾಗುತ್ತೆ. ಈ ಕಿವಿಗೆ ಅಂಥ ಉಪಾಯ ಇಲ್ಲ, ನನಗೆ ಬೇಕೂ ಇಲ್ಲ.

ಮಧ್ಯಾಹ್ನ ಮನೆಯವರೆಲ್ಲ ಜಂಬೂಸವಾರಿ ನೋಡೋಕೆ ಸಯ್ಯಾಜಿರಾವ್ ರಸ್ತೆಗೆ ಹೋದರು. ನಾನು ಉಳಿದುಕೊಂಡೆ. ವೀಣೆ ಮೇಲಿನ ಅರಿಶಿನ ಕುಂಕುಮ ಒರೆಸಿದೆ, ಬೆರಳಿಗೆ ಚೂರು ಕೊಬ್ಬರಿ ಎಣ್ಣೆ ಸವರಿಕೊಂಡೆ. ಐದಾರು ಸಲ ಅದೇ ತಪ್ಪು. “ಅಮ್ಮಾ, ಮೊದಲು ಹಾಡಿ, ಆಮೇಲೆ ಮೀಟಿ” ಅಂತ ಟೀಚರ್ ವರ್ಷದಿಂದ ಹೇಳ್ತಿದ್ದಾರೆ. ಎಲ್ಲರ ಎದುರು ಹಾಡೋಕೆ ಸಂಕೋಚ. ಇವತ್ತು ಯಾರೂ ಇರಲಿಲ್ಲ, ಗಂಟಲು ಬಿಟ್ಟು ಹಾಡಿದೆ. ಸ್ವರ ಹಾಡುತ್ತಲೇ ಮೀಟಿದೆ. ರಿಷಭ ಆಯ್ತು, ಬೆರಳು ಗಾಂಧಾರ ದಾಟಿ ಮಧ್ಯಮದಲ್ಲಿ ನಿಂತಿತು. ಇಳಿಯುವಾಗ ಗಾಂಧಾರ ಬಂತು, ಬರಬೇಕಾದ ಜಾಗದಲ್ಲೇ. ಇನ್ನೊಂದು ಸಲ ನುಡಿಸಿದೆ, ಮತ್ತೆ ಬಂತು. ಕಣ್ಣು ತುಂಬಿ ಮೆಟ್ಟಿಲೇ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಅರಮನೆ ಕಡೆಯಿಂದ ಕುಶಾಲತೋಪು ಕೇಳಿಸಿತು. ಕಿಟಕಿ ಗಾಜು ಅದುರಿತು. ತಾಳದ ತಂತಿಗಳು ಯಾರೂ ಮುಟ್ಟದೆ ಸಣ್ಣಗೆ ಗುಂಯ್ ಅಂದವು. ಅದು ನಿಲ್ಲುವ ತನಕ ಕೇಳುತ್ತಾ ಕೂತಿದ್ದೆ.

ರಾತ್ರಿ ಎಡಗೈ ಉಗುರು ಕತ್ತರಿಸಿಕೊಂಡೆ. ಬಲಗೈಯದು ಮೀಟೋಕೆ ಬೇಕು, ಬಿಟ್ಟೆ. ನಾಳೆ ಏಳು ಗಂಟೆಗೆ ಪಾಠ.